ಇಂಗ್ಲೆಂಡಿನ ಗುಡ್ಡಗಳಲ್ಲಿ ಯುದ್ಧಕಾಲದ ವಿಮಾನಗಳು ಇನ್ನೂ ಬಿದ್ದಿವೆಯಂತೆ, ನಿಜವೇ? ನಡೆದು ಹೋಗಿ ನೋಡಬಹುದೇ?

ನಿಜ. ನಡೆದು ಹೋಗಿ ನೋಡಲೂಬಹುದು.

ನೀವು ಓದಲು ಮ್ಯಾಂಚೆಸ್ಟರಿಗೆ ಬಂದಿದ್ದೀರಿ. ಹತ್ತಿರದ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ ಎರಡನೇ ಮಹಾಯುದ್ಧದ ವಿಮಾನಗಳ ಅವಶೇಷ ಇದೆ ಅಂತ ಕೇಳಿದ್ದೀರಿ. ಹೇಗೆ ಹೋಗಬೇಕು, ನೆನಪಿಗೆ ಒಂದು ಚೂರು ತರಬಹುದೇ, ನಮ್ಮ ದೇಶದಲ್ಲೂ ಇಂಥ ಜಾಗಗಳಿವೆಯೇ ಎಂದು ಕೇಳಿದ್ದೀರಿ. ನಾನು ಆ ಗುಡ್ಡಗಳ ಇನ್ನೊಂದು ಬದಿಯಲ್ಲಿ, ಶೆಫೀಲ್ಡಿನಲ್ಲಿ ಇದ್ದೇನೆ. ಬಿಡುವು ಸಿಕ್ಕಾಗಲೆಲ್ಲ ಅಲ್ಲೇ ಅಲೆಯುವವನು. ಇದು ನನಗೆ ತುಂಬಾ ಹತ್ತಿರದ ವಿಷಯ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು, ಅಷ್ಟೊಂದು ವಿಮಾನಗಳು ಅಲ್ಲೇ ಯಾಕೆ ಬಿದ್ದವು ಅನ್ನೋದು. ಪೀಕ್ ಡಿಸ್ಟ್ರಿಕ್ಟಿನ ಉತ್ತರ ಭಾಗಕ್ಕೆ ಡಾರ್ಕ್ ಪೀಕ್ ಎನ್ನುತ್ತಾರೆ. ಅಲ್ಲಿನ ಅತಿ ಎತ್ತರದ ಜಾಗ ಕಿಂಡರ್ ಸ್ಕೌಟ್ 636 ಮೀಟರ್, ಪಕ್ಕದ ಬ್ಲೀಕ್ಲೋ 633 ಮೀಟರ್. ಮುಳ್ಳಯ್ಯನಗಿರಿ ಹತ್ತಿದ ನಮಗೆ ಇದೊಂದು ಎತ್ತರವೇ ಅನ್ನಿಸುತ್ತದೆ, ಅಲ್ವಾ? ಆದರೆ ಪೂರ್ವದ ಲಿಂಕನ್‌ಶೈರ್, ಯಾರ್ಕ್‌ಷೈರ್ ಕಡೆ ಸಮತಟ್ಟು ನೆಲದಲ್ಲಿ ಸಾಲುಸಾಲು ವಾಯುನೆಲೆಗಳಿದ್ದವು. ಪಶ್ಚಿಮದಲ್ಲಿ ವಾರಿಂಗ್ಟನ್ ಹತ್ತಿರ ಬರ್ಟನ್‌ವುಡ್ ಎಂಬ ದೊಡ್ಡ ಅಮೆರಿಕನ್ ನೆಲೆ. ಇವೆರಡರ ನಡುವೆ ಈ ಗುಡ್ಡಗಳು ಅಡ್ಡಕ್ಕೆ ನಿಂತಿವೆ. ವರ್ಷದ ಬಹುಪಾಲು ಅವುಗಳ ತಲೆ ಮೋಡದೊಳಗೇ ಇರುತ್ತದೆ.

ಆಗಿನ ವಿಮಾನದಲ್ಲಿ ದಾರಿ ಕಂಡುಹಿಡಿಯುತ್ತಿದ್ದದ್ದು ಲೆಕ್ಕದಿಂದ. ಇಷ್ಟು ವೇಗ, ಇಂಥ ದಿಕ್ಕು, ಇಷ್ಟು ನಿಮಿಷ ಹಾರಿದ್ದೇವೆ, ಆದ್ದರಿಂದ ಇಂಥ ಕಡೆ ಇರಬೇಕು. ಗಾಳಿಯ ಅಂದಾಜು ಸ್ವಲ್ಪ ತಪ್ಪಿದರೆ ಇಡೀ ಲೆಕ್ಕ ಕೆಡುತ್ತಿತ್ತು. ಗಂಟೆಗೆ 20 ಮೈಲಿ ವೇಗದ ಅಡ್ಡಗಾಳಿಯನ್ನು ಗಮನಿಸದೇ ಹೋದರೆ ಒಂದು ಗಂಟೆಯಲ್ಲಿ ವಿಮಾನ 20 ಮೈಲಿ ಪಕ್ಕಕ್ಕೆ ಸರಿದಿರುತ್ತದೆ. ಎತ್ತರ ತೋರಿಸುವ ಆಲ್ಟಿಮೀಟರ್ ಕೆಲಸ ಮಾಡುವುದು ಗಾಳಿಯ ಒತ್ತಡದ ಮೇಲೆ. ಹೊರಟ ಕಡೆಗಿಂತ ಮುಂದೆ ಒತ್ತಡ 10 ಮಿಲಿಬಾರ್ ಕಡಿಮೆ ಇದ್ದರೆ, ಮುಳ್ಳು ನಿಜಕ್ಕಿಂತ ಸುಮಾರು 300 ಅಡಿ ಜಾಸ್ತಿ ತೋರಿಸುತ್ತದೆ. ಗುಡ್ಡ ದಾಟಿ ಆಯಿತು ಎಂದುಕೊಂಡು, ನೆಲ ಕಾಣಲಿ ಅಂತ ಪೈಲಟ್ ಮೋಡದಿಂದ ಕೆಳಗಿಳಿಯುತ್ತಾನೆ. ಗುಡ್ಡ ಇನ್ನೂ ಎದುರಿಗೇ ಇರುತ್ತದೆ. ಇಲ್ಲಿ ಬಿದ್ದ ವಿಮಾನಗಳಲ್ಲಿ ಹೆಚ್ಚಿನವು ಶತ್ರುವಿನ ಗುಂಡಿಗೆ ಬಿದ್ದವಲ್ಲ. ತರಬೇತಿಗೆ ಹೊರಟವು, ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದವು. ಒಳಗಿದ್ದವರಲ್ಲಿ ಬಹಳಷ್ಟು ಜನ ಇಪ್ಪತ್ತರ ಆಸುಪಾಸಿನ ಹುಡುಗರು, ಹೆಚ್ಚುಕಡಿಮೆ ನಿಮ್ಮ ವಯಸ್ಸಿನವರೇ.

ಅದಕ್ಕೇ ನನ್ನದೊಂದು ಕೋರಿಕೆ. ಹೋಗುವ ಮುಂಚೆ ಆ ವಿಮಾನದ ಕಥೆ ಓದಿಕೊಳ್ಳಿ. ಎಲ್ಲಿಂದ ಹೊರಟಿತ್ತು, ಎಲ್ಲಿಗೆ, ಒಳಗೆ ಎಷ್ಟು ಜನ, ಅವರ ಹೆಸರೇನು. ಇದು ಗೊತ್ತಿಲ್ಲದೆ ಹೋದರೆ ಅಲ್ಲಿ ನಿಮಗೆ ಕಾಣುವುದು ಬರೀ ಗುಜರಿ. ಗೊತ್ತಿದ್ದು ಹೋದರೆ ಆ ಜಾಗದಲ್ಲಿ ಕಾಲು ತಾನೇ ನಿಧಾನವಾಗುತ್ತದೆ.

ಎಲ್ಲರೂ ಹೋಗುವುದು ಬ್ಲೀಕ್ಲೋ ಮೇಲಿನ ಬಿ-29 ಸೂಪರ್‌ಫೋರ್ಟ್ರೆಸ್ ಎಂಬ ಅಮೆರಿಕದ ದೊಡ್ಡ ಬಾಂಬರ್ ನೋಡಲು. ಕಾಲದ ಲೆಕ್ಕಕ್ಕೆ ಇದು ಯುದ್ಧ ಮುಗಿದ ಮೂರು ವರ್ಷಕ್ಕೆ ಬಿದ್ದದ್ದು. ಆದರೂ ಈ ವಿಷಯ ಬಂದಾಗ ಇದನ್ನು ಬಿಟ್ಟು ಮಾತಾಡುವುದಕ್ಕೆ ಆಗುವುದಿಲ್ಲ. ವಿಮಾನದ ಹೆಸರು ಓವರ್ ಎಕ್ಸ್‌ಪೋಸ್ಡ್. ಫೋಟೋ ತೆಗೆಯುವ ವಿಮಾನ, 1946ರ ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಗಳನ್ನು ಚಿತ್ರೀಕರಿಸಿತ್ತು. 1948ರ ನವೆಂಬರ್ 3ರಂದು ಲಿಂಕನ್‌ಶೈರಿನ ಸ್ಕ್ಯಾಂಪ್ಟನ್ನಿಂದ ಬರ್ಟನ್‌ವುಡ್‌ಗೆ ಹೊರಟಿತು. ಅರ್ಧ ಗಂಟೆಯೂ ಹಿಡಿಯದ ದಾರಿ. ಅಂಚೆ ಮತ್ತು ಸಂಬಳದ ಹಣ ಒಯ್ಯುತ್ತಿತ್ತು. ಮೋಡದಲ್ಲಿ ಇಳಿಯುತ್ತಾ ಹೈಯರ್ ಶೆಲ್ಫ್ ಸ್ಟೋನ್ಸ್ ಎಂಬ ತುದಿಯ ಬಳಿ ಗುಡ್ಡಕ್ಕೆ ಬಡಿಯಿತು. ಒಳಗಿದ್ದ 13 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಅಲ್ಲಿ ಈಗಲೂ ಅವಶೇಷ ಬಹಳ ಇದೆ. ನಾಲ್ಕು ಎಂಜಿನ್‌ಗಳೂ ಇವೆ. ಒಂದರ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿ. ಮಧ್ಯದ ದಪ್ಪ ಉಕ್ಕಿನ ಭಾಗದ ಸುತ್ತ ಸಿಲಿಂಡರ್‌ಗಳು ಎರಡು ಸಾಲಾಗಿ ನಿಂತಿವೆ, ಒಂದೊಂದು ಸಾಲಿನಲ್ಲಿ ಒಂಬತ್ತು. ಅವುಗಳ ಮೇಲಿನ ತೆಳು ತಗಡಿನ ಏಣುಗಳು ಕೆಲವೆಡೆ ಬೆರಳಲ್ಲಿ ಎಣಿಸುವಷ್ಟು ಸ್ಪಷ್ಟ, ಕೆಲವೆಡೆ ಬಡಿತಕ್ಕೆ ಜಜ್ಜಿ ಒಂದಾಗಿವೆ. ಉಕ್ಕೆಲ್ಲ ತುಕ್ಕು ಹಿಡಿದು ಕೆಂಪಾಗಿದೆ. ಸುತ್ತ ಹರಡಿದ ಅಲ್ಯೂಮಿನಿಯಂ ತಗಡು ಮಾತ್ರ ಇವತ್ತಿಗೂ ಬೆಳ್ಳಗಿದೆ. ರಿವೆಟ್ ಹೊಡೆದ ಸಾಲುಗಳು ಹಾಗೇ ಕಾಣುತ್ತವೆ. ಪಕ್ಕದಲ್ಲೊಂದು ಸ್ಮಾರಕ ಕಲ್ಲಿದೆ, 1988ರಲ್ಲಿ ಇಟ್ಟದ್ದು. ಅದರ ಬುಡದಲ್ಲಿ ಬಂದವರು ಯುದ್ಧದಲ್ಲಿ ಸತ್ತವರ ನೆನಪಿನ ಗುರುತಾದ ಕೆಂಪು ಪಾಪಿ (ಗಸಗಸೆ ಜಾತಿಯ) ಹೂವಿರುವ ಸಣ್ಣ ಮರದ ಶಿಲುಬೆಗಳನ್ನು ನೆಟ್ಟು ಹೋಗಿರುತ್ತಾರೆ. ನಾನು ಅಲ್ಲಿ ಸತ್ತವರ ಹೆಸರುಗಳನ್ನು ಪ್ರತಿ ಸಲ ಗಟ್ಟಿಯಾಗಿ ಓದುತ್ತೇನೆ. ಯಾರೂ ಹೇಳಿಕೊಟ್ಟದ್ದಲ್ಲ, ಹಾಗೆ ಮಾಡಬೇಕು ಅನ್ನಿಸುತ್ತದೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಜೇಮ್ಸಸ್ ಥಾರ್ನ್ ಎಂಬ ಏರು. ಅಲ್ಲಿ ಬಿದ್ದದ್ದು ಕೆನಡಾ ವಾಯುಪಡೆಯ 408 ಸ್ಕ್ವಾಡ್ರನ್‌ನ ಲ್ಯಾಂಕಾಸ್ಟರ್ ಬಾಂಬರ್. ಕೆನಡಾದಲ್ಲೇ ತಯಾರಾದ ವಿಮಾನ. ತಾರೀಖು 1945ರ ಮೇ 18. ಯುರೋಪಿನಲ್ಲಿ ಯುದ್ಧ ಮುಗಿದು ಬರೀ ಹತ್ತು ದಿನ ಆಗಿತ್ತು. ಯುದ್ಧದಿಂದ ಬದುಕಿ ಉಳಿದ ಆರು ಜನ ತರಬೇತಿ ಹಾರಾಟದಲ್ಲಿ ತೀರಿಕೊಂಡರು. ಮನೆಯಲ್ಲಿ ತಾಯಂದಿರು ಇನ್ನೇನು ಮಗ ಬಂದ ಅಂತ ಕಾಯುತ್ತಿದ್ದಿರಬೇಕು. ಈ ಜಾಗ ನನಗೆ ಬಿ-29ಗಿಂತ ಜಾಸ್ತಿ ಸಂಕಟ ಕೊಡುತ್ತದೆ. ಅದೇ ವರ್ಷ ಜುಲೈ 24ರಂದು ಹತ್ತಿರದಲ್ಲೇ ಅಮೆರಿಕದ ಒಂದು ಡಕೋಟ ಸಾಗಣೆ ವಿಮಾನ ಬಿದ್ದು ಏಳು ಜನ ಸತ್ತರು. ಅದರ ಭಾಗಗಳು ಕೆಳಗಿನ ಆಷ್ಟನ್ ಕ್ಲಫ್ ಎಂಬ ಹಳ್ಳದಲ್ಲಿ ಇವೆ. ಹಳ್ಳ ಕಡಿದಾಗಿದೆ, ಕಲ್ಲು ಜಾರುತ್ತದೆ. ಹೊಸಬರಿಗೆ ಬೇಡ.

ನಿಮ್ಮ ಮೊದಲ ನಡಿಗೆಗೆ ನಾನು ಹೇಳುವುದು ಮಿಲ್ ಹಿಲ್. 1944ರ ಅಕ್ಟೋಬರ್ 11ರಂದು ಬರ್ಟನ್‌ವುಡ್‌ನಿಂದ ನಾರ್ಫಕ್ ಕಡೆಗೆ ಹೊರಟಿದ್ದ ಒಂದು ಲಿಬರೇಟರ್ ಬಾಂಬರ್ ಮಂಜಿನಲ್ಲಿ ಇಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದದ್ದು ಇಬ್ಬರೇ. ಇಬ್ಬರೂ ಬದುಕಿದರು. ಗಾಯಗೊಂಡೇ ಗುಡ್ಡ ಇಳಿದು, ಗ್ಲಾಸಪ್ ರಸ್ತೆಯಲ್ಲಿದ್ದ ಗ್ರೌಸ್ ಇನ್ ಎಂಬ ಪಬ್‌ವರೆಗೆ ನಡೆದುಕೊಂಡು ಹೋದರು. ಇಂಥ ಜಾಗಗಳ ಪೈಕಿ ಜೀವ ಉಳಿದ ಕಥೆ ಅಪರೂಪ. ದಾರಿಯೂ ಸುಲಭ. ಹೇಫೀಲ್ಡ್‌ವರೆಗೆ ಬಸ್ಸಿನಲ್ಲಿ ಹೋಗಿ, ಕಿಂಡರ್ ಜಲಾಶಯದ ಪಕ್ಕ ಹಾದು, ವಿಲಿಯಂ ಕ್ಲಫ್ ಎಂಬ ಹಳ್ಳದ ದಾರಿಯಲ್ಲಿ ಹತ್ತಿ ಮಿಲ್ ಹಿಲ್ ತುದಿ ಸೇರಿ. ಅಲ್ಲಿಂದ ವಾಯವ್ಯಕ್ಕೆ ಇಳಿಯುವ ಚಪ್ಪಡಿ ಹಾಸಿದ ದಾರಿ ಹಿಡಿದರೆ ಅವಶೇಷ ದಾರಿಯ ಪಕ್ಕದಲ್ಲೇ ಸಿಗುತ್ತದೆ. ಹುಡುಕುವ ಕಷ್ಟವಿಲ್ಲ.

ಬಿ-29ಗೆ ಹೋಗುವುದಾದರೆ ಹತ್ತಿರದ ದಾರಿ ಸ್ನೇಕ್ ಪಾಸ್ ರಸ್ತೆಯ ನೆತ್ತಿಯಿಂದ. ಅಲ್ಲಿಂದ ಪೆನೈನ್ ವೇ ಎಂಬ ಕಾಲುದಾರಿ ಹಿಡಿದು ಉತ್ತರಕ್ಕೆ ಹೊರಡಬೇಕು. ಡೆವಿಲ್ಸ್ ಡೈಕ್ ದಾಟಿ ಹರ್ನ್ ಕ್ಲಫ್ ಸೇರಿದ ಮೇಲೆ ಎಡಕ್ಕೆ ತಿರುಗಿ ಹೈಯರ್ ಶೆಲ್ಫ್ ಸ್ಟೋನ್ಸ್ ಕಡೆ ಹೋಗಬೇಕು. ತುದಿಯಲ್ಲಿ ಸರ್ವೆಯವರು ಕಟ್ಟಿದ ಬಿಳಿ ಕಂಬ ಕಾಣುತ್ತದೆ. ಅದರಿಂದ ಈಶಾನ್ಯಕ್ಕೆ ಇನ್ನೂರು ಮೀಟರ್ ಒಳಗೇ ವಿಮಾನ. ಹೋಗುವ ದಾರಿ ಹೆಚ್ಚುಕಡಿಮೆ ಮೂರು ಕಿಲೋಮೀಟರ್ ಅಷ್ಟೇ. ಆದರೆ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಕಡಿಮೆ, ಬಸ್ಸು ನೆಚ್ಚಿಕೊಳ್ಳುವಂತಿಲ್ಲ. ನಿಮಗೆ ಕಾರಿಲ್ಲದಿದ್ದರೆ ಮ್ಯಾಂಚೆಸ್ಟರಿನ ಪಿಕಡಿಲಿ ಸ್ಟೇಷನ್ನಿನಿಂದ ಗ್ಲಾಸಪ್‌ಗೆ ರೈಲು ಹಿಡಿಯಿರಿ, ಅರ್ಧ ಗಂಟೆ ಚಿಲ್ಲರೆ. ಓಲ್ಡ್ ಗ್ಲಾಸಪ್‌ನಿಂದ ಡಾಕ್ಟರ್ಸ್ ಗೇಟ್ ಎಂಬ ಹಳೇ ದಾರಿಯಲ್ಲಿ ಹೊರಟು ಜೇಮ್ಸಸ್ ಥಾರ್ನ್ ಹತ್ತಿ, ಅಲ್ಲಿಂದ ಶೆಲ್ಫ್ ಸ್ಟೋನ್ಸ್. ಇಡೀ ದಿನದ ನಡಿಗೆ, ಎರಡು ಜಾಗವೂ ಒಟ್ಟಿಗೆ ಆಗುತ್ತವೆ. ನನಗೆ ಇದೇ ಇಷ್ಟ.

ಈಗ ನೆಲದ ಬಗ್ಗೆ, ಇದು ಮುಖ್ಯ. ಮೇಲೆ ಇರುವುದು ಪೀಟ್ ಎಂಬ ಮಣ್ಣು. ಸಾವಿರಾರು ವರ್ಷ ಕೊಳೆಯದೆ ಉಳಿದ ಪಾಚಿ, ಹುಲ್ಲು ಪದರ ಪದರವಾಗಿ ಕೂತು ಆದದ್ದು. ಮಳೆ ಬಿದ್ದರೆ ಕಾಫಿ ಗಸಿಯ ಹಾಗೆ ಕಪ್ಪಗೆ ಮೆತ್ತಗೆ ಆಗುತ್ತದೆ, ಮೊಣಕಾಲುದ್ದ ಹೂತುಹೋಗುತ್ತೀರಿ. ನೀರು ಆ ಮಣ್ಣನ್ನು ಕೊರೆದು ಆಳೆತ್ತರದ ಕೊರಕಲುಗಳನ್ನು ಮಾಡಿದೆ. ಒಳಗಿಳಿದರೆ ಎದುರಿಗೆ ಮಣ್ಣಿನ ಗೋಡೆ, ಮೇಲೆ ಆಕಾಶ. ದಿಕ್ಕು ತಪ್ಪುವುದಕ್ಕೆ ಐದು ನಿಮಿಷ ಸಾಕು. ಹತ್ತು ಹೆಜ್ಜೆ ಪಕ್ಕದಲ್ಲಿ ವಿಮಾನದ ಎಂಜಿನ್ ಇದ್ದರೂ ಕಾಣುವುದಿಲ್ಲ.

ಬ್ರಿಟನ್ನಿನ ನಕ್ಷೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯವರ ಡಾರ್ಕ್ ಪೀಕ್ ನಕ್ಷೆ ಬರುತ್ತದೆ, ಒಎಲ್ 1 ಅಂತ ಕೇಳಿ. ಅದನ್ನೂ ಒಂದು ಕಂಪಾಸನ್ನೂ ಕೊಂಡುಕೊಳ್ಳಿ. ಅವಶೇಷದ ಗ್ರಿಡ್ ರೆಫರೆನ್ಸ್, ಅಂದರೆ ನಕ್ಷೆಯ ಮೇಲೆ ಜಾಗ ಗುರುತಿಸುವ ಅಂಕಿ, ಆದಷ್ಟೂ ಎಂಟು ಅಂಕಿಯದ್ದೇ ಹುಡುಕಿ. ಆರು ಅಂಕಿಯದು ನೂರು ಮೀಟರ್ ಚೌಕದವರೆಗೆ ಮಾತ್ರ ಕರೆದೊಯ್ಯುತ್ತದೆ, ಕೊರಕಲುಗಳ ನಡುವೆ ಅದು ಸಾಲದು. ಎಂಟು ಅಂಕಿಯದು ಹತ್ತು ಮೀಟರಿಗೆ ತಂದು ನಿಲ್ಲಿಸುತ್ತದೆ. ಫೋನಿನಲ್ಲೂ ನಕ್ಷೆ ಇರಲಿ, ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಕಣಕಾಲು ಮುಚ್ಚುವ ಬೂಟು, ಮಳೆಗೆ ಜಾಕೆಟ್ಟು ಮತ್ತು ಪ್ಯಾಂಟು, ತಲೆಗೆ ಕಟ್ಟುವ ಟಾರ್ಚು, ಒಂದು ಜಾಸ್ತಿ ಸ್ವೆಟರು, ಹೊಟ್ಟೆಗೆ ಬೇಕಾದಷ್ಟು ತಿಂಡಿ. ನಾನು ಚಪಾತಿ ಸುರುಳಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುತ್ತೇನೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆಗ ಹೋಗಬೇಡಿ. ಮೇ, ಜೂನ್ ಒಳ್ಳೆಯದು. ಮೇಲೆ ಮಂಜು ಕವಿದಿದ್ದರೆ ಹತ್ತಲೇಬೇಡಿ, ಆ ವಿಮಾನಗಳನ್ನು ಬೀಳಿಸಿದ್ದೂ ಅದೇ ಮಂಜು. ಒಬ್ಬರೇ ಬೇಡ, ಜೊತೆಗೆ ಯಾರಾದರೂ ಇರಲಿ. ಏನಾದರೂ ಆದರೆ 999ಕ್ಕೆ ಫೋನ್ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಬ್ರಿಟನ್ನಿನ ವಾಯುಪಡೆಗೆ ಅದರದ್ದೇ ಪರ್ವತ ರಕ್ಷಣಾ ದಳ ಬಂದದ್ದೇ ಇಂಥ ಅಪಘಾತಗಳಿಂದ. ಉತ್ತರ ವೇಲ್ಸ್‌ನ ಲಾಂಡ್ರೋಗ್ ನೆಲೆಯಲ್ಲಿ ವೈದ್ಯರಾಗಿದ್ದ ಜಾರ್ಜ್ ಗ್ರಹಾಂ ಬೆಟ್ಟದಲ್ಲಿ ಬಿದ್ದವರನ್ನು ಜೀವಂತ ಕೆಳಗೆ ತರಲು ತಂಡ ಕಟ್ಟಿದರು, ಅದರಿಂದಲೇ ಮುಂದೆ ಆ ದಳ ಬೆಳೆಯಿತು.

ಚೂರು ತರಬಹುದೇ? ಬೇಡ. ಸಣ್ಣ ರಿವೆಟ್ ಕೂಡ ಬೇಡ. 1986ರ ಸೇನಾ ಅವಶೇಷ ರಕ್ಷಣಾ ಕಾಯ್ದೆಯ ಪ್ರಕಾರ ಬ್ರಿಟನ್ನಿನಲ್ಲಿ ಬಿದ್ದ ಸೇನಾ ವಿಮಾನಗಳಿಗೆಲ್ಲ ತಾನಾಗಿಯೇ ರಕ್ಷಣೆ ಇದೆ. ರಕ್ಷಣಾ ಸಚಿವಾಲಯದ ಅನುಮತಿ ಇಲ್ಲದೆ ಅಗೆಯುವುದು, ಎತ್ತುವುದು, ಸರಿಸುವುದು ಅಪರಾಧ. ಕಾಯ್ದೆ ಪಕ್ಕಕ್ಕಿಡಿ. ಹಳಬರು ಹೇಳುವ ಪ್ರಕಾರ ಕೆಲವು ಜಾಗಗಳಲ್ಲಿ ಮುಂಚೆ ರಾಶಿ ಇದ್ದದ್ದು ಈಗ ಬೊಗಸೆಯಷ್ಟಾಗಿದೆ. ಒಬ್ಬೊಬ್ಬರು ಒಂದೊಂದು ಚೂರು ಜೇಬಿಗೆ ಹಾಕಿಕೊಂಡದ್ದರ ಫಲ. ನನ್ನ ಮುಂದೆಯೇ ಒಮ್ಮೆ ಒಬ್ಬ ಪುಟ್ಟ ಹುಡುಗ ಬೆರಳುದ್ದದ ತಗಡೊಂದನ್ನು ಎತ್ತಿಕೊಂಡ. ಅವನಮ್ಮ ಗದರಲಿಲ್ಲ. ಅವನನ್ನು ಸ್ಮಾರಕದ ಹತ್ತಿರ ಕರೆದುಕೊಂಡು ಹೋಗಿ, ಇದು ಇವರದು, ಎಲ್ಲಿತ್ತೋ ಅಲ್ಲೇ ಇಡು ಅಂದರು. ಅವನು ಎತ್ತಿದ ಜಾಗವನ್ನೇ ಹುಡುಕಿ, ಮಣ್ಣಿನಲ್ಲಿ ಉಳಿದಿದ್ದ ಅಚ್ಚಿಗೆ ಸರಿಯಾಗಿ ಕೂರಿಸಿದ. ಮಗುವಿಗೆ ಅರ್ಥವಾದದ್ದು ನಮಗೂ ಆಗಬೇಕು. ಎಂಜಿನ್ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವುದೂ ಬೇಡ. ಒಣಗಿದ ಪೀಟ್‌ಗೆ ಕಿಡಿ ತಾಗಿದರೆ ನೆಲದೊಳಗೇ ಉರಿಯುತ್ತಾ ಹೋಗುತ್ತದೆ, ಹಾಗಾಗಿ ಸಿಗರೇಟು, ಒಲೆ ಯಾವುದೂ ಬೇಡ.

ಸ್ಕಾಟ್ಲೆಂಡಿಗೆ ಹೋಗುವ ಯೋಚನೆ ಇದ್ದರೆ ಬೆನ್ ಮೋರ್ ಅಸಿಂಟ್ ಬಗ್ಗೆ ಓದಿ. 1941ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ಆನ್ಸನ್ ವಿಮಾನ ಬಿದ್ದು ಆರು ಜನ ಸತ್ತರು. ಜಾಗ ಎಷ್ಟು ದುರ್ಗಮ ಎಂದರೆ ಅವರನ್ನು ಅಲ್ಲೇ ಮಣ್ಣು ಮಾಡಿದರು. 2013ರಲ್ಲಿ ಹೆಲಿಕಾಪ್ಟರಿನಲ್ಲಿ ಗ್ರಾನೈಟ್ ಕಲ್ಲು ಒಯ್ದು ಹೊಸ ಸ್ಮಾರಕ ಇಟ್ಟರು.

ಕೊನೆಯದಾಗಿ ನಮ್ಮ ದೇಶ. ಇದೆ, ಅರುಣಾಚಲದಲ್ಲಿ. 1942ರಿಂದ 45ರವರೆಗೆ ಅಸ್ಸಾಮಿನಿಂದ ಚೀನಾದ ಕುನ್ಮಿಂಗ್‌ಗೆ ಹಿಮಾಲಯದ ಮೇಲೆ ಸಾಮಾನು ಸಾಗಿಸಿದ ದಾರಿಗೆ ಹಂಪ್ ಅಂತ ಹೆಸರು. ಅಲ್ಲಿ ನೂರಾರು ವಿಮಾನಗಳು ಬಿದ್ದವು. ಇದಕ್ಕೂ ಬೆಂಗಳೂರಿಗೂ ನಂಟಿದೆ: 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇವತ್ತಿನ ಎಚ್‌ಎಎಲ್, ಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳ ರಿಪೇರಿ ಕೇಂದ್ರವಾಗಿತ್ತು. 1944ರ ಜನವರಿಯಲ್ಲಿ ಎಂಟು ಜನರೊಂದಿಗೆ ಕಾಣೆಯಾದ ಹಾಟ್ ಆ್ಯಸ್ ಹೆಲ್ ಎಂಬ ಬಿ-24 (ಲಿಬರೇಟರ್) ವಿಮಾನ ಅರುಣಾಚಲದ ಕಾಡಿನಲ್ಲಿ 2006ರಲ್ಲಿ ಪತ್ತೆಯಾಯಿತು. ಅದರಲ್ಲಿದ್ದ ಒಬ್ಬ ಅಧಿಕಾರಿಯ ಅಸ್ಥಿ 2017ರಲ್ಲಿ ಅಮೆರಿಕದ ಜಾರ್ಜಿಯಾದ ಅವರ ಊರು ಸೇರಿತು. ಆದರೆ ಆ ಜಾಗಗಳು ರೈಲಿಳಿದು ನಡೆದು ಹೋಗುವಂಥವಲ್ಲ. ದಟ್ಟ ಕಾಡು, ಜಿಗಣೆ, ದಿನಗಟ್ಟಲೆ ಏರು. ನಮಗೂ ಇನ್ನರ್ ಲೈನ್ ಪರ್ಮಿಟ್ ಬೇಕು, ದಾರಿ ಬಲ್ಲ ಸ್ಥಳೀಯರಿಲ್ಲದೆ ಹೆಜ್ಜೆ ಇಡುವ ಹಾಗಿಲ್ಲ. ಊರಿಗೆ ಹೋದಾಗ ಆ ಕಡೆ ಪ್ರವಾಸ ಹಾಕಿಕೊಂಡರೆ ಪಾಸಿಘಾಟ್‌ನಲ್ಲಿ 2023ರಲ್ಲಿ ತೆರೆದ ಹಂಪ್ ಮ್ಯೂಸಿಯಂ ನೋಡಿ. ಕಾಡಿನಿಂದ ತಂದ ವಿಮಾನದ ಭಾಗಗಳು ಅಲ್ಲಿವೆ.