ಅಜ್ಜಿ ಕಥೆ ಪಾಡ್‌ಕಾಸ್ಟ್ ಮಾಡ್ಬೇಕು, ಮೈಕ್ ಯಾವ್ದು ತಗೊಳ್ಲಿ?

ಪ್ರಶ್ನೆ: ಸರ್, ನಮ್ಮಜ್ಜಿಗೆ 82 ವರ್ಷ. ಹಳೇ ಕಾಲದ ಮದ್ವೆ, ಗದ್ದೆ ನಾಟಿ, ದೆವ್ವದ ಕಥೆ ಎಲ್ಲಾ ಚೆನ್ನಾಗಿ ಹೇಳ್ತಾರೆ. ಪಾಡ್‌ಕಾಸ್ಟ್ ಮಾಡೋಣ ಅಂತ ಫೋನಲ್ಲಿ ರೆಕಾರ್ಡ್ ಮಾಡ್ದೆ, ಬಾವಿ ಒಳಗಿಂದ ಮಾತಾಡ್ದಂಗೆ ಕೇಳ್ಸುತ್ತೆ. 8 ಸಾವಿರದ ಮೈಕ್ ತಗೊಂಡ್ರೆ ಸರಿ ಹೋಗುತ್ತಾ? ಆಮೇಲೆ ಅದನ್ನ ಹಾಕೋದೆಲ್ಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದುಡ್ಡು ಜೇಬಲ್ಲೇ ಇರ್ಲಿ ಮಾರಾಯ್ರೇ. ಆ ಬಾವಿ ಸದ್ದು ಫೋನಿಂದಲ್ಲ, ನಿಮ್ಮನೆ ಹಾಲಿಂದ. ಖಾಲಿ ಗೋಡೆ, ನುಣ್ಣನೆ ನೆಲ, ಎರಡೂ ಸೇರಿ ಅಜ್ಜಿ ಮಾತನ್ನ ವಾಪಸ್ ಎಸೀತಾವೆ, ಅಂಥಾ ಕಡೆ ದುಬಾರಿ ಮೈಕ್ ಇಟ್ರೆ ಅದೇ ಬಾವಿ ಇನ್ನೂ ಸ್ಪಷ್ಟವಾಗಿ ಕೇಳ್ಸುತ್ತೆ ಅಷ್ಟೇ. ಹಾಸಿಗೆ, ಕಂಬಳಿ, ಬಟ್ಟೆ ರಾಶಿ ಇರೋ ಸಣ್ಣ ಕೋಣೆಗೆ ಅಜ್ಜಿನ ಕೂರ್ಸಿ, ಫ್ಯಾನ್ ಆಫ್ ಮಾಡಿ, ಫೋನ್ ಫ್ಲೈಟ್ ಮೋಡಿಗೆ ಹಾಕಿ ಬಾಯಿಂದ ಒಂದು ಗೇಣು ದೂರದಲ್ಲಿ ಸ್ವಲ್ಪ ಓರೆಯಾಗಿ ಇಡಿ, ಎದುರಿಗೇ ಇಟ್ರೆ ಪ, ಭ ಬಂದಾಗೆಲ್ಲಾ ಉಸಿರು ಬಡ್ದು ಡಬ್ ಅನ್ನುತ್ತೆ. ಮಳೆ ಹೊಯ್ತಿದ್ರೆ ಅವತ್ತು ಬಿಟ್ಬಿಡಿ. ಖರ್ಚು ಮಾಡ್ಲೇಬೇಕು ಅಂದ್ರೆ ಒಂದು ಸಾದಾ ಕಾಲರ್ ಮೈಕ್ ಸಾಕು, ಸೆರಗು ಉಜ್ಜದಂಗೆ ನೋಡ್ಕೊಳ್ಳಿ. 1935ರಲ್ಲಿ ಮೈಸೂರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ರೇಡಿಯೋ ಸ್ಟೇಷನ್ನನ್ನೇ ತಮ್ಮ ಮನೇಲಿ ಶುರು ಮಾಡಿದ್ರು, ನಿಮ್ದು ಬರೀ ಪಾಡ್‌ಕಾಸ್ಟು.

ಕಥೆ ಶುರು ಆಗೋ ಮುಂಚೆ ಯಾರೂ ಮಾತಾಡ್ದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಕಂಪ್ಯೂಟರಲ್ಲಿ ಆಡಾಸಿಟಿ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದರ ನಾಯ್ಸ್ ರಿಡಕ್ಷನ್‌ಗೆ ಆ ಖಾಲಿ ಭಾಗ ತೋರ್ಸಿದ್ರೆ ಗುಂಯ್ ಸದ್ದು ಯಾವ್ದು ಅಂತ ಗುರ್ತು ಹಿಡ್ದು ಉಳಿದ ಕಡೆ ತಗ್ಸುತ್ತೆ. ಆದ್ರೆ ಹದ ಇರ್ಲಿ. ನಾನು ಒಂದ್ಸಲ ಮಾವನ ಮಾತನ್ನ ಕ್ಲೀನ್ ಮಾಡ್ತಾ ಮಾಡ್ತಾ ಕೊಡಪಾನದೊಳಗೆ ಗುಳುಗುಳು ಅನ್ನೋ ಹಂಗೆ ಮಾಡಿಟ್ಟೆ, ಮೂಲ ಫೈಲೂ ಡಿಲೀಟ್ ಮಾಡಿದ್ದೆ, ಈಗ ಮಾವ ಇಲ್ಲ. ಅದಕ್ಕೇ ಹೇಳ್ತೀನಿ, ಮೂಲ ಫೈಲು ಎರಡು ಕಡೆ ಇಡಿ, ಎಡಿಟ್ ಎಲ್ಲಾ ಕಾಪಿ ಮೇಲೆ. ಫೋನು ರೆಕಾರ್ಡಿಂಗನ್ನ ಎಂ4ಎ ಅನ್ನೋ ಬಗೆಯ ಫೈಲಾಗಿ ಇಟ್ಟು, ಅದು ಆಡಾಸಿಟೀಲಿ ಓಪನ್ ಆಗ್ಲಿಲ್ಲ ಅಂದ್ರೆ ಎಫ್‌ಎಫ್‌ಎಂಪೆಗ್ ಅಂತ ಇನ್ನೊಂದು ಫ್ರೀ ಸಾಫ್ಟ್‌ವೇರ್ ಕಂಪ್ಯೂಟರಿಗೆ ಹಾಕೋಬೇಕು. ಕೊನೇಲಿ ಆಡಾಸಿಟೀಲೇ ಸದ್ದಿನ ಮಟ್ಟ ಸರಿ ಮಾಡೋ ಲೌಡ್‌ನೆಸ್ ನಾರ್ಮಲೈಸೇಷನ್ನಲ್ಲಿ -16 ಲಫ್ಸ್ (ಸದ್ದು ಎಷ್ಟು ಜೋರು ಅಂತ ಅಳೆಯೋ ಲೆಕ್ಕ) ಇಟ್ರೆ ಬಸ್ಸಲ್ಲಿ ಕೇಳೋರಿಗೂ ವಾಲ್ಯೂಮ್ ಏರ್ಸಿ ಇಳ್ಸಿ ಮಾಡೋ ಕಾಟ ಇರಲ್ಲ. ಅಜ್ಜಿ ಕೆಮ್ಮಿದ್ದು, "ತಡಿ, ನೆನಪಾಗ್ಲಿ" ಅಂದಿದ್ದು ಎಲ್ಲಾ ಕತ್ತರಿಸ್ಬೇಡಿ, ನಂಗಂತೂ ಅದೇ ಇಷ್ಟ.

ಫೈಲ್ ಸೇವ್ ಮಾಡುವಾಗ ಎಂಪಿ3, ಮೋನೋ (ಒಂದೇ ಚಾನೆಲ್), 96 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋ ಲೆಕ್ಕ) ಸಾಕು, ಅರ್ಧ ಗಂಟೆ ಎಪಿಸೋಡು ಸುಮಾರು 22 ಎಂಬಿ ಆಗುತ್ತೆ. ಪಾಡ್‌ಕಾಸ್ಟ್ ಹಾಕೋಕೆ ಇರೋ ಸ್ಪಾಟಿಫೈ ಫಾರ್ ಕ್ರಿಯೇಟರ್ಸ್ ಅನ್ನೋ ಸೈಟಲ್ಲಿ ಫ್ರೀಯಾಗೇ ಹಾಕ್ಬೋದು, ಅದು ಕೊಡೋ ಆರ್‌ಎಸ್‌ಎಸ್ ಲಿಂಕನ್ನ (ನಿಮ್ಮ ಎಪಿಸೋಡುಗಳ ಪಟ್ಟಿ ಇರೋ ವಿಳಾಸ) ಆಪಲ್ ಪಾಡ್‌ಕಾಸ್ಟ್ಸಿಗೆ ಒಂದ್ಸಲ ಕೊಟ್ರೆ ಮುಂದಿನ ಎಪಿಸೋಡೆಲ್ಲಾ ತಾನೇ ಅಲ್ಲಿಗೂ ಹೋಗುತ್ತೆ. ಕವರ್ ಫೋಟೋ ಚೌಕಾಕಾರ, 3000 ಪಿಕ್ಸೆಲ್. ಶುರುವಿಗೆ ಸಿನಿಮಾ ಹಾಡು ಬೇಡ, ಕಾಪಿರೈಟ್ ತಲೆನೋವು, ಅಜ್ಜಿಗೆ ಸೋಬಾನೆ ಪದ ಬಂದ್ರೆ ಅದನ್ನೇ ಹಾಡ್ಸಿ.

ಹಾಕೋ ಮುಂಚೆ ಅಜ್ಜಿಗೆ ಪೂರ್ತಿ ಕೇಳ್ಸಿ ಒಪ್ಗೆ ತಗೊಳ್ಳಿ. ಹಳೇ ಮದ್ವೆ ಕಥೆ ಅಂದ್ರಲ್ಲ, ಊರಲ್ಲಿ ಇನ್ನೂ ಇರೋರ ಹೆಸರು ಬಂದಿದ್ರೆ ಅದನ್ನ ಮಾತ್ರ ಕತ್ತರಿಸಿ.