ಅಂಗಡಿಯಲ್ಲಿ ಮೆತ್ತಗಿದ್ದ ಬೆಡ್‌ಶೀಟ್ ಮನೆಯಲ್ಲಿ ಒರಟೇಕೆ?

ಹಾಸಿಗೆ, ದಿಂಬು, ಹೊದಿಕೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1000 ಥ್ರೆಡ್ ಕೌಂಟ್ ಎಂದು ಬರೆದಿದ್ದ ಹತ್ತಿಯ ಬೆಡ್‌ಶೀಟ್ ತಂದೆವು. ತಂದಾಗ ಬಹಳ ನುಣುಪಾಗಿತ್ತು. ನಾಲ್ಕೈದು ಸಲ ಒಗೆದ ಮೇಲೆ ಒರಟಾಗಿ, ಮೇಲೆಲ್ಲ ಸಣ್ಣ ಸಣ್ಣ ಉಂಡೆಗಳು ಎದ್ದಿವೆ. ಅಷ್ಟು ಕೌಂಟ್ ಇದ್ದೂ ಹೀಗೇಕಾಯಿತು?

ಉತ್ತರ: ಹೊಸ ಬೆಡ್‌ಶೀಟುಗಳಿಗೆ ಗಿರಣಿಯಲ್ಲೇ ಮೆತ್ತಗಾಗಲೆಂದು ಸಿಲಿಕೋನ್ ಲೇಪ ಕೊಡುವುದುಂಟು. ಅಂಗಡಿಯಲ್ಲಿ ಕೈಗೆ ಸಿಗುವ ನುಣುಪಿನಲ್ಲಿ ಅದರ ಪಾಲು ದೊಡ್ಡದು, ಒಗೆದಂತೆಲ್ಲ ಅದು ಬಿಟ್ಟುಹೋಗುತ್ತದೆ. ಆಮೇಲೆ ಉಳಿಯುವುದು ನೂಲಿನ ನಿಜವಾದ ಗುಣ.

ಥ್ರೆಡ್ ಕೌಂಟ್ ಎಂದರೆ ಒಂದು ಚದರ ಅಂಗುಲದಲ್ಲಿರುವ ಹಾಸು ಮತ್ತು ಹೊಕ್ಕು ಎಳೆಗಳ ಒಟ್ಟು ಲೆಕ್ಕ. ಉದ್ದಕ್ಕೆ 150, ಅಡ್ಡಕ್ಕೆ 150 ಇದ್ದರೆ 300. ಒಂಟಿ ಎಳೆಯ ನೂಲಿನಲ್ಲಿ 400–500 ದಾಟಿ ನೇಯಲು ಜಾಗವೇ ಸಾಲದು. ಹಾಗಾಗಿ ನಾಲ್ಕು ತೆಳು ಎಳೆಗಳನ್ನು ಹೊಸೆದು ಒಂದು ನೂಲು ಮಾಡಿ, ಎಣಿಸುವಾಗ ಅದನ್ನು ನಾಲ್ಕೆಂದು ಎಣಿಸುತ್ತಾರೆ. 250 ನೂಲಿನ ಬಟ್ಟೆ ಹೀಗೆ 1000 ಆಗುತ್ತದೆ. ಬಟ್ಟೆ ದಪ್ಪವಾಗಿ, ಭಾರವಾಗಿ, ಗಾಳಿಯಾಡದಂತಾಗುತ್ತದೆಯೇ ಹೊರತು ಗುಣ ಹೆಚ್ಚುವುದಿಲ್ಲ.

ಉಂಡೆಗಳಿಗೆ ಕಾರಣ ಗಿಡ್ಡ ನಾರಿನ ಹತ್ತಿ. ನಾರು ಗಿಡ್ಡವಾದಷ್ಟೂ ನೂಲಿನಿಂದ ಹೊರಚಾಚುವ ತುದಿಗಳು ಹೆಚ್ಚು. ಮಲಗಿ ಹೊರಳಿದಾಗ ಅವು ಉಜ್ಜಿ, ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತವೆ. ಅಪ್ಪಟ ಹತ್ತಿಯಾದರೆ ಗಂಟುಗಳು ಕಾಲಕ್ರಮೇಣ ಉದುರಿಯಾದರೂ ಹೋಗುತ್ತವೆ. ಪಾಲಿಯೆಸ್ಟರ್ ಬೆರೆತಿದ್ದರೆ ಅದರ ಗಟ್ಟಿ ನಾರು ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಂಡೆ ಬೀಳದೆ ಕೂತಿದ್ದರೆ ಲೇಬಲ್ಲನ್ನು ಇನ್ನೊಮ್ಮೆ ಓದಿ ನೋಡಿ.

ಮುಂದಿನ ಸಲ 250ರಿಂದ 400 ಕೌಂಟಿನ, ‘ಸಿಂಗಲ್ ಪ್ಲೈ’, ‘ಲಾಂಗ್ ಸ್ಟೇಪಲ್’, ‘ಕೋಂಬ್ಡ್ ಕಾಟನ್’ ಎಂದಿರುವುದನ್ನು ಹುಡುಕಿ. ಸಿಂಗಲ್ ಪ್ಲೈ ಎಂದರೆ ಒಂಟಿ ಎಳೆಯ ನೂಲು, ಲಾಂಗ್ ಸ್ಟೇಪಲ್ ಎಂದರೆ ಉದ್ದ ನಾರಿನ ಹತ್ತಿ, ಕೋಂಬ್ಡ್ ಎಂದರೆ ಗಿಡ್ಡ ನಾರುಗಳನ್ನು ಬಾಚಿ ತೆಗೆದ ಹತ್ತಿ. ಬಟ್ಟೆಯ ಮೂಲೆಯನ್ನು ಹೆಬ್ಬೆರಳಿನಿಂದ ಇಪ್ಪತ್ತು–ಮೂವತ್ತು ಸಲ ಉಜ್ಜಿದಾಗಲೇ ಜುಂಗು ಎದ್ದರೆ ಅಲ್ಲೇ ಬಿಟ್ಟುಬಿಡಿ. ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ: ಅದೇ ಬಟ್ಟೆಯ ಒಂದು ದಿಂಬಿನ ಕವರ್ ಮಾತ್ರ ಕೊಂಡು, ಐದು ಸಲ ಒಗೆದು ನೋಡಿ. ಮುಖಕ್ಕೆ ತಾಗುವ ಬಟ್ಟೆ ಅದೇ ಆದ್ದರಿಂದ ತೀರ್ಮಾನವೂ ಸುಲಭ.

ಪ್ರಶ್ನೆ: ರಾತ್ರಿ ಸೆಕೆಯಾಗಿ ಎಚ್ಚರವಾಗುತ್ತದೆ. ಆದರೂ ನನಗೆ ಮೆತ್ತನೆಯ, ನುಣುಪಾದ ಬೆಡ್‌ಶೀಟೇ ಬೇಕು. ಪರ್ಕೇಲ್ ಒಳ್ಳೆಯದೋ ಸಟೀನ್ ಒಳ್ಳೆಯದೋ?

ಉತ್ತರ: ಎರಡೂ ನೇಯ್ಗೆಯ ಬಗೆಗಳು. ನಿಮಗೆ ಪರ್ಕೇಲ್. ಅದರಲ್ಲಿ ಎಳೆ ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯುತ್ತದೆ. ಗಾಳಿಯಾಡುತ್ತದೆ, ಮೈಗೆ ತಂಪು. ಮೊದಲ ಕೆಲವು ವಾರ ಗರಿಗರಿಯಾಗಿರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಸಟೀನಿನಲ್ಲಿ ಎಳೆ ಸಾಮಾನ್ಯವಾಗಿ ನಾಲ್ಕರ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಮೇಲ್ಮೈಯಲ್ಲಿ ಉದ್ದುದ್ದ ಎಳೆಗಳೇ ಇರುವುದರಿಂದ ಹೊಳಪು, ನುಣುಪು ಎರಡೂ ಸಿಗುತ್ತವೆ. ಆದರೆ ನೇಯ್ಗೆ ಒತ್ತಾಗಿ ಬೆಚ್ಚಗಿರುತ್ತದೆ, ಉಗುರು ತಾಗಿದರೆ ಎಳೆ ಬೇಗ ಎದ್ದುಬರುತ್ತದೆ. ಮೈಕ್ರೋಫೈಬರ್ ಮುಟ್ಟಲು ಮೆತ್ತಗೆ, ಆದರೆ ಅದು ಪಾಲಿಯೆಸ್ಟರ್. ಬೆವರು ಹೀರುವುದಿಲ್ಲವಾದ್ದರಿಂದ ನಿಮಗೆ ಬೇಡವೇ ಬೇಡ.

ಸೆಕೆಯ ಮೂಲ ಬೆಡ್‌ಶೀಟಿನ ಕೆಳಗೂ ಇರಬಹುದು. ಹಾಸಿಗೆಗೆ ನೀರಿಳಿಯದ ಪ್ಲಾಸ್ಟಿಕ್ ಕವರ್ ಹಾಕಿದ್ದರೆ, ಅದರ ಮೇಲೆ ಎಂಥ ಹತ್ತಿ ಹಾಸಿದರೂ ಬೆವರಿಗೆ ದಾರಿಯಿಲ್ಲ. ವಿನೈಲ್ ಕವರ್ ತೆಗೆದು, ತೆಳು ಪಾಲಿಯುರೆಥೇನ್ ಪದರವಿರುವ ಬಟ್ಟೆಯ ಪ್ರೊಟೆಕ್ಟರ್ ಹಾಕಿ. ಅದು ನೀರನ್ನು ತಡೆದರೂ ಆವಿಯನ್ನು ಬಿಡುತ್ತದೆ.

ಪ್ರಶ್ನೆ: ಒಗೆದು ಒಣಗಿಸಿದ ಬೆಡ್‌ಶೀಟುಗಳು ಹಪ್ಪಳದಂತೆ ಸೆಟೆದುಕೊಳ್ಳುತ್ತವೆ. ಫ್ಯಾಬ್ರಿಕ್ ಕಂಡಿಷನರ್ ಹೆಚ್ಚು ಹಾಕಬೇಕೇ?

ಉತ್ತರ: ಕಡಿಮೆ ಮಾಡಿ, ಸಾಧ್ಯವಾದರೆ ನಿಲ್ಲಿಸಿ. ಕಂಡಿಷನರ್ ನಾರಿನ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಮೊದಮೊದಲು ಜಾರುವಂತೆ ಅನಿಸಿದರೂ ದಿನ ಹೋದಂತೆ ಬಟ್ಟೆ ನೀರು ಹೀರುವುದನ್ನು ಕಡಿಮೆ ಮಾಡುತ್ತದೆ.

ಸೆಡೆತಕ್ಕೆ ಮೊದಲ ಕಾರಣ ಬಟ್ಟೆಯಲ್ಲೇ ಉಳಿದ ಸೋಪು. ಒಗೆದು ಒಣಗಿದ ಬೆಡ್‌ಶೀಟನ್ನು ಒಂದು ಬಕೆಟ್ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಕೈಯಾಡಿಸಿ. ನೊರೆ ಬಂದರೆ ನೀವು ಪುಡಿ ಹೆಚ್ಚು ಹಾಕುತ್ತಿದ್ದೀರಿ, ಇಲ್ಲವೇ ಜಾಲಿಸುವುದು ಸಾಲುತ್ತಿಲ್ಲ. ಮೆಷಿನ್ನಿನ ಡ್ರಮ್ ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ಒಂದು ರಿನ್ಸ್ ಹೆಚ್ಚಿಗೆ ಕೊಡಿ. ಗಡಸು ನೀರಾದರೆ ಬಾರ್ ಸೋಪು ಬಿಟ್ಟು ಡಿಟರ್ಜೆಂಟನ್ನೇ ಬಳಸಿ. ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿದರೆ ಕರಗದ ಗಸಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ.

ಎರಡನೆಯ ಕಾರಣ ಒಣಗಿಸುವ ಬಗೆ. ಹತ್ತಿ ಅಲುಗಾಡದೆ ಒಣಗಿದರೆ ಒಂದು ನಾರು ಇನ್ನೊಂದಕ್ಕೆ ಅಂಟಿಕೊಂಡು ಗಡಸಾಗುತ್ತದೆ. ತಂತಿಗೆ ಹಾಕುವ ಮೊದಲು ನಾಲ್ಕು ಸಲ ಜೋರಾಗಿ ಕೊಡವಿ. ಗಾಳಿಯಾಡುವ ಕಡೆ ಹರವಿ. ಇನ್ನೂ ತುಸು ತೇವವಿದ್ದಾಗಲೇ ತೆಗೆದು ಮತ್ತೊಮ್ಮೆ ಕೊಡವಿ, ಒಳಗೆ ನೆರಳಿನಲ್ಲಿ ಪೂರ್ತಿ ಒಣಗಿಸಿ. ಈ ಒಂದು ಅಭ್ಯಾಸದಿಂದ ಆಗುವ ವ್ಯತ್ಯಾಸ ಯಾವ ಬಾಟಲಿಯಿಂದಲೂ ಆಗದು.

ದೂಳಿನ ಅಲರ್ಜಿ ಇರುವ ಮನೆಗಳಲ್ಲಿ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ದೂಳಿನ ಹುಳ ಸಾಯುವುದು ಆ ಬಿಸಿಗೆ. ಉಳಿದವರಿಗೆ 40 ಡಿಗ್ರಿ ಸಾಕು, ಬಟ್ಟೆಯೂ ಹೆಚ್ಚು ಕಾಲ ಬಾಳುತ್ತದೆ.

ಪ್ರಶ್ನೆ: ನಮ್ಮ ಹಾಸಿಗೆ 72×78 ಅಂಗುಲ, ದಪ್ಪ 8 ಅಂಗುಲ. 108×108ರ ಬೆಡ್‌ಶೀಟ್ ತಂದರೂ ಬೆಳಗಾಗುವಷ್ಟರಲ್ಲಿ ಕಾಲಿನ ಕಡೆ ಕಿತ್ತುಬರುತ್ತದೆ. ಯಾಕೆ?

ಉತ್ತರ: ಲೆಕ್ಕ ಹಾಕೋಣ. ಹತ್ತಿ ಮೊದಲ ಒಗೆತಗಳಲ್ಲಿ ನೂರಕ್ಕೆ ಐದರಷ್ಟು ಕುಗ್ಗಬಹುದು. 108 ಅಂಗುಲ ಹೆಚ್ಚುಕಡಿಮೆ 102½ ಆಗುತ್ತದೆ. ಉದ್ದದಲ್ಲಿ ಹಾಸಿಗೆಗೆ 78, ಎರಡು ಬದಿಯ ದಪ್ಪಕ್ಕೆ 16 ಕಳೆದರೆ ಉಳಿಯುವುದು 8½. ಅಂದರೆ ಅಡಿಗೆ ಮಡಚಿ ಸಿಕ್ಕಿಸಲು ತಲೆಕಡೆ ನಾಲ್ಕು, ಕಾಲಕಡೆ ನಾಲ್ಕು ಅಂಗುಲ. ಕನಿಷ್ಠ 6 ಬೇಕು. ತಲೆಕಡೆ ಎರಡೇ ಅಂಗುಲ ಸಿಕ್ಕಿಸಿ ಉಳಿದದ್ದನ್ನು ಕಾಲಕಡೆಗೆ ಎಳೆದುಕೊಳ್ಳಿ. ತಲೆಯ ಕಡೆ ದಿಂಬಿನ ಭಾರ ಇರುವುದರಿಂದ ಅಷ್ಟು ಸಾಕಾಗುತ್ತದೆ. ಹೊಸದು ಕೊಳ್ಳುವುದಾದರೆ ಎಲಾಸ್ಟಿಕ್ ಇರುವ ಫಿಟೆಡ್ ಶೀಟ್ ಒಳ್ಳೆಯದು. ಅದರ ಪಾಕೆಟ್ ಆಳ (ಹಾಸಿಗೆಯ ಬದಿಯನ್ನು ಮುಚ್ಚುವ ಭಾಗದ ಎತ್ತರ) ಹಾಸಿಗೆಯ ದಪ್ಪಕ್ಕಿಂತ ಎರಡು ಅಂಗುಲ ಹೆಚ್ಚಿರಲಿ, ಎಲಾಸ್ಟಿಕ್ ಮೂಲೆಗಷ್ಟೇ ಅಲ್ಲದೆ ಸುತ್ತಲೂ ಇರಲಿ.

ಪ್ರಶ್ನೆ: ತುಂಬ ಮೆತ್ತನೆಯ ದಿಂಬು ತಂದ ಮೇಲೆ ಕುತ್ತಿಗೆ ನೋವು ಶುರುವಾಗಿದೆ. ಮಗ್ಗುಲಾಗಿ ಮಲಗುವ ಅಭ್ಯಾಸ.

ಉತ್ತರ: ಮಗ್ಗುಲಾಗಿ ಮಲಗುವವರಿಗೆ ಕುತ್ತಿಗೆಯಿಂದ ಭುಜದ ಅಂಚಿನವರೆಗಿನ ಜಾಗ ತುಂಬಬೇಕು. ತಲೆಯ ಭಾರ ಬಿದ್ದ ಮೇಲೂ ದಿಂಬು ಸುಮಾರು 4ರಿಂದ 6 ಅಂಗುಲ ಎತ್ತರ ಉಳಿಯಬೇಕು. ಅತಿ ಮೆತ್ತನೆಯದು ಅರ್ಧ ರಾತ್ರಿಗೆ ಚಪ್ಪಟೆಯಾಗಿ ತಲೆ ಕೆಳಗಿಳಿಯುತ್ತದೆ. ಹಾಸಿಗೆಯೂ ಮೆತ್ತಗಿದ್ದು ಭುಜ ಒಳಗಿಳಿಯುತ್ತಿದ್ದರೆ ತುಸು ತೆಳು ದಿಂಬು ಸಾಕು. ಜಿಪ್ ಇದ್ದು, ಒಳಗಿನ ತುಂಬುವಿಕೆಯನ್ನು ಹಿಡಿಹಿಡಿಯಾಗಿ ತೆಗೆದು ಸರಿಹೊಂದಿಸಬಹುದಾದ ದಿಂಬು ನಿಮಗೆ ಸೂಕ್ತ. ಅಂಗಾತ ಮಲಗುವವರಿಗೆ ಮಧ್ಯಮ, ಬೋರಲು ಮಲಗುವವರಿಗೆ ತೀರ ತೆಳು. ಈಗಿನ ದಿಂಬು ಫೈಬರಿನದಾದರೆ ಅರ್ಧಕ್ಕೆ ಮಡಚಿ ಬಿಡಿ. ತಾನಾಗಿ ಬಿಚ್ಚಿಕೊಳ್ಳದಿದ್ದರೆ ಅದರ ಆಯುಷ್ಯ ಮುಗಿದಿದೆ. ನೋವು ಕೈಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ದಿಂಬು ಬದಲಿಸುತ್ತ ಕೂರದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಹಾಸಿಗೆ ಗಟ್ಟಿ ಎನಿಸುತ್ತದೆ. ಮೇಲೆ ಟಾಪರ್ (ಹಾಸಿಗೆಯ ಮೇಲೆ ಹಾಸುವ ತೆಳು ಮೆತ್ತೆ) ಹಾಕಿದರೆ ಸಾಕೇ?

ಉತ್ತರ: ಗಟ್ಟಿ ಇದ್ದರೆ ಸಾಕು, ತಗ್ಗು ಬಿದ್ದಿದ್ದರೆ ಸಾಲದು. ಹಾಸಿಗೆಯ ಮೇಲೆ ಅಡ್ಡಲಾಗಿ ನೇರವಾದ ಕೋಲಿಟ್ಟು ನೋಡಿ. ಮಧ್ಯೆ ಒಂದೂವರೆ ಅಂಗುಲದಷ್ಟು ಸಂದು ಕಂಡರೆ ಟಾಪರ್ ಕೂಡ ಅದೇ ತಗ್ಗಿಗೆ ಇಳಿಯುತ್ತದೆ. ಇಲ್ಲವಾದರೆ 2 ಅಂಗುಲದ್ದು ಸಾಕು, ಮಗ್ಗುಲಾಗಿ ಮಲಗುವವರಿಗೆ 3. ಮೆಮೊರಿ ಫೋಮ್ ಸೆಕೆ ಹಿಡಿಯುತ್ತದೆ, ಲೇಟೆಕ್ಸ್ ಅಷ್ಟಿಲ್ಲ. ಎರಡನ್ನೂ ಬಿಸಿಲಿಗೆ ಹಾಕಬೇಡಿ, ಪುಡಿಪುಡಿಯಾಗುತ್ತವೆ.

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ಆದಷ್ಟು ಮೆತ್ತನೆಯ ಹಾಸಿಗೆ, ಪುಟ್ಟ ದಿಂಬು, ರಜಾಯಿ ತೆಗೆದುಕೊಳ್ಳಬೇಕೆಂದಿದ್ದೇನೆ.

ಉತ್ತರ: ದಯವಿಟ್ಟು ಈ ಮೂರೂ ಬೇಡ. ಒಂದು ವರ್ಷ ತುಂಬುವವರೆಗೆ ಮಗು ಮಲಗುವ ಜಾಗ ಗಟ್ಟಿಯಾಗಿ, ಸಮತಟ್ಟಾಗಿ, ಖಾಲಿಯಾಗಿ ಇರಬೇಕು. ಮೆತ್ತನೆಯದರಲ್ಲಿ ಮುಖ ಹೂತರೆ ತಾನೇ ತಿರುಗಿಕೊಳ್ಳಲು ಮಗುವಿಗೆ ಆಗದೆ ಹೋಗಬಹುದು, ಉಸಿರು ಕಟ್ಟುವ ಅಪಾಯವಿದೆ. ಬಿಗಿಯಾಗಿ ಕೂರುವ ಒಂದು ಹತ್ತಿಯ ಫಿಟೆಡ್ ಶೀಟ್ ಮಾತ್ರ ಹಾಕಿ. ಮಲಗಿಸುವಾಗ ಅಂಗಾತ ಮಲಗಿಸಿ. ಚಳಿಯಿದ್ದರೆ ಹೊದಿಕೆಯ ಬದಲು ಬಟ್ಟೆ ಒಂದು ಪದರ ಹೆಚ್ಚಿಗೆ ತೊಡಿಸಿ ಅಥವಾ ಕೈತೂರುವ ಸ್ಲೀಪಿಂಗ್ ಸ್ಯಾಕ್ (ಮಗುವಿಗೆ ತೊಡಿಸುವ ಚೀಲದಂಥ ಉಡುಪು) ಹಾಕಿ. ಕತ್ತಿನ ಹಿಂಭಾಗ ಮುಟ್ಟಿದಾಗ ಬೆವರಿದ್ದರೆ ಒಂದು ಪದರ ತೆಗೆಯಿರಿ.