ಇದ್ದಿಲಿನ ಕಬ್ಬಿಣ ಮತ್ತೆ ಸಾಧ್ಯವೇ?

ಓದುಗರ ಪತ್ರ: ಭದ್ರಾವತಿಯಲ್ಲಿ ಒಂದು ಕಾಲಕ್ಕೆ ಇದ್ದಿಲಿನಿಂದಲೇ ಕಬ್ಬಿಣ ತೆಗೆಯುತ್ತಿದ್ದರು. ತೋರಣಗಲ್ಲಿನಂಥ ದೊಡ್ಡ ಕಾರ್ಖಾನೆಗಳೂ ಕಲ್ಲಿದ್ದಲು ಬಿಟ್ಟು ಅದೇ ದಾರಿ ಹಿಡಿಯಬಾರದೇಕೆ?

ಸಂಪಾದಕರ ಉತ್ತರ: ನೀವು ಹೇಳಿದ್ದು ನಿಜ. 1923ರಲ್ಲಿ ಶುರುವಾದ ಭದ್ರಾವತಿಯ ಊದುಕುಲುಮೆಗೆ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು ಬರುತ್ತಿತ್ತು. ಆದರೆ ದೊಡ್ಡ ಕುಲುಮೆಗಳಲ್ಲಿ ಬಳಸುವುದು ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಮಾಡಿದ ಗಟ್ಟಿ ಇಂಧನ. ಕುಲುಮೆಯೊಳಗೆ ಅದಕ್ಕೆ ಮೂರು ಕೆಲಸಗಳಿವೆ. ಕಾವು ಕೊಡಬೇಕು, ಅದಿರಿನ ಆಮ್ಲಜನಕ ಕಿತ್ತುಕೊಳ್ಳಬೇಕು, ಮೇಲಿನ ರಾಶಿಯ ಭಾರ ಹೊತ್ತು ಬಿಸಿಗಾಳಿ ನುಗ್ಗಲು ಸಂದು ಉಳಿಸಬೇಕು. ಇದ್ದಿಲು ಸೋಲುವುದು ಮೂರನೆಯದರಲ್ಲಿ: ಎತ್ತರದ ಕುಲುಮೆಯಲ್ಲಿ ಪುಡಿಯಾಗಿ ಗಾಳಿಯ ದಾರಿ ಮುಚ್ಚಿಬಿಡುತ್ತದೆ. ಬ್ರೆಜಿಲ್‌ನಲ್ಲಿ ಇಂದಿಗೂ ನೀಲಗಿರಿ ಇದ್ದಿಲಿನ ಕುಲುಮೆಗಳು ಉರಿಯುತ್ತಿವೆ, ಆದರೆ ಅವು ಗಾತ್ರದಲ್ಲಿ ಚಿಕ್ಕವು.

ಸೌದೆಯ ಲೆಕ್ಕವನ್ನೂ ನೋಡಿ. ಒಂದು ಟನ್ ಕಬ್ಬಿಣಕ್ಕೆ 0.6 ಟನ್ ಇದ್ದಿಲು, ಒಂದು ಟನ್ ಇದ್ದಿಲಿಗೆ 4 ಟನ್ ಒಣಸೌದೆ ಎಂದಿಟ್ಟುಕೊಳ್ಳೋಣ. ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಬೆಳೆದರೂ 10 ಲಕ್ಷ ಟನ್ ಕಬ್ಬಿಣಕ್ಕೆ 2.4 ಲಕ್ಷ ಹೆಕ್ಟೇರ್ ನೆಡುತೋಪು ಬೇಕು. ಇದಕ್ಕೆ ಕಾಡು ಕೊಡುವ ಮಾತನ್ನು ನಾವಂತೂ ಒಪ್ಪಲಾರೆವು.

ಹಾಗೆಂದು ಇದ್ದಿಲಿಗೆ ಜಾಗವೇ ಇಲ್ಲವೆಂದಲ್ಲ. ಕುಲುಮೆಯ ಬುಡದ ಗಾಳಿಕೊಳವೆಗಳಿಂದ ಟನ್ ಕಬ್ಬಿಣಕ್ಕೆ 150-200 ಕೆಜಿ ಕಲ್ಲಿದ್ದಲ ಪುಡಿ ಊದುತ್ತಾರೆ. ಅದರಲ್ಲೊಂದು ಪಾಲನ್ನು ಹೊಲದ ಕಡ್ಡಿ, ತೆಂಗಿನ ಚಿಪ್ಪಿನ ಇದ್ದಿಲಿಗೆ ಬಿಟ್ಟುಕೊಡಬಹುದು. ಇದ್ದಿಲಿನ ಪುಡಿ ತಾನಾಗಿ ಹೊತ್ತಿಕೊಳ್ಳಬಹುದು, ಹಾಗಾಗಿ ಸಾರಜನಕ ತುಂಬಿಯೇ ಅರೆಯಬೇಕು. ಬೂದಿಯಲ್ಲಿ ಪೊಟ್ಯಾಶಿಯಂ ಹೆಚ್ಚಿದ್ದರೆ ಅದು ಆವಿಯಾಗಿ ಮೇಲೇರಿ ಗೋಡೆಗೆ ಕಟ್ಟಿಕೊಂಡು ರಾಶಿ ಇಳಿಯುವುದನ್ನೇ ತಡೆಯುತ್ತದೆ. ಹಾಗಾಗಿ ಲಾರಿ ಇಳಿಸುವ ಮೊದಲೇ ಬೂದಿ ಪರೀಕ್ಷೆ ಆಗಬೇಕು.

ಕೋಕ್ ಪೂರಾ ಬಿಡಬೇಕೆಂದರೆ ಊದುಕುಲುಮೆಯನ್ನೇ ಬಿಡಬೇಕು. ಸ್ವೀಡನ್‌ನ ಹೈಬ್ರಿಟ್ ಯೋಜನೆಯವರು 2020ರಲ್ಲಿ ಶುರುವಾದ ಪ್ರಾಯೋಗಿಕ ಘಟಕದಲ್ಲಿ ಅದಿರಿನ ಉಂಡೆಗಳನ್ನು ಕರಗಿಸದೆಯೇ, ಬಿಸಿ ಜಲಜನಕ ಹಾಯಿಸಿ ಸ್ಪಾಂಜ್ ಕಬ್ಬಿಣ (ಸಣ್ಣ ರಂಧ್ರಗಳಿರುವ ಗಟ್ಟಿ ಕಬ್ಬಿಣ) ಮಾಡಿ ತೋರಿಸಿದ್ದಾರೆ. ಅದನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಉಕ್ಕು. ಟನ್ ಕಬ್ಬಿಣಕ್ಕೆ ಕನಿಷ್ಠ 54 ಕೆಜಿ ಜಲಜನಕ ಬೇಕು. ನೀರನ್ನು ಒಡೆದು ಅಷ್ಟನ್ನು ಪಡೆಯಲು ಸುಮಾರು 2,700-3,000 ಯೂನಿಟ್ ವಿದ್ಯುತ್ ತಗಲುತ್ತದೆ. ಈ ಕ್ರಿಯೆ ಕಾವನ್ನು ಹೀರುವುದರಿಂದ ಅನಿಲವನ್ನು ಮೊದಲೇ ಚೆನ್ನಾಗಿ ಕಾಯಿಸಬೇಕು. ಕಾವು ಮಿತಿಮೀರಿದರೆ ಉಂಡೆಗಳು ಒಂದಕ್ಕೊಂದು ಅಂಟಿ ಹರಿವು ನಿಲ್ಲುತ್ತದೆ.

ಜಲಜನಕದಿಂದ ಮಾಡಿದ, ಇಂಗಾಲವಿಲ್ಲದ ಸ್ಪಾಂಜ್ ಕಬ್ಬಿಣದಿಂದ ವಿದ್ಯುತ್ ಕುಲುಮೆಯಲ್ಲಿ ಕಿಟ್ಟ (ಕರಗಿದ ಉಕ್ಕಿನ ಮೇಲೆ ತೇಲುವ ಕಲ್ಮಶ) ಸರಿಯಾಗಿ ನೊರೆಯೇಳದು. ನೊರೆ ಮುಚ್ಚದ ವಿದ್ಯುತ್ ಜ್ವಾಲೆ ಗೋಡೆಯನ್ನು ತಿನ್ನುತ್ತದೆ, ಉಕ್ಕಿಗೆ ಸಾರಜನಕ ಸೇರುತ್ತದೆ. ನೊರೆಗೆ ಬೇಕಾದ ಇಂಗಾಲ ಕೊಡಲು ನೀವು ಕೇಳಿದ ಇದ್ದಿಲು ಇಲ್ಲಿಯೂ ಚೂರು ಪ್ರಮಾಣದಲ್ಲಿ ಒದಗುತ್ತದೆ.

ನಮ್ಮಲ್ಲಿ ನಿಜವಾದ ತೊಡಕು ಅದಿರಿನದು. ಜಲಜನಕದ ವಿಧಾನಕ್ಕೆ ಶೇ 67ರಷ್ಟು ಕಬ್ಬಿಣವಿರುವ ಉಂಡೆಗಳು ಒಳ್ಳೆಯದು. ಬಳ್ಳಾರಿ, ಸಂಡೂರಿನ ಬಹುಪಾಲು ಅದಿರು ಅಷ್ಟಿಲ್ಲ. ಉಳಿದ ಸಿಲಿಕಾ, ಅಲ್ಯುಮಿನಾ ಕಿಟ್ಟವಾಗಿ ಕಬ್ಬಿಣವನ್ನೂ ವಿದ್ಯುತ್ತನ್ನೂ ಎಳೆದುಕೊಂಡು ಹೋಗುತ್ತವೆ. ಜಲಜನಕಕ್ಕೆ ಹಣ ಹೂಡುವ ಮೊದಲು ಅದಿರು ಅರೆದು ತೊಳೆಯುವ ಘಟಕಗಳಿಗೆ ಹೂಡಲಿ ಎಂಬುದು ನಮ್ಮ ಒತ್ತಾಯ.